ಡೈರಿಯ ಮೊದಲ ಹತ್ತು ಪುಟ

ಶಾಲೆ ಶುರುವಾದ ವಾರ ಮಗು ಹೊಸ ಡೈರಿ ತರುತ್ತದೆ. ಪ್ಲಾಸ್ಟಿಕ್ ಹೊದಿಕೆ, ಮೇಲೆ ಶಾಲೆಯ ಲಾಂಛನ, ಅದರಡಿ ಒಂದು ಧ್ಯೇಯವಾಕ್ಯ. ಮಗು ಪುಟ ತಿರುವಿ ಬೆರಳಿಟ್ಟು "ಇಲ್ಲಿ ಸೈನ್" ಅನ್ನುತ್ತದೆ. ನಾವು ಒಂದು ಕೈಯಲ್ಲಿ ಚಹಾ ಲೋಟ ಹಿಡಿದುಕೊಂಡೇ ಗೀಚುತ್ತೇವೆ. ಆ ಗೀಚಿನ ಮೇಲೆ ಅಚ್ಚಾಗಿರುವ ಸಾಲು: ಶಾಲೆಯ ನಿಯಮಗಳನ್ನೆಲ್ಲ ಓದಿದ್ದೇನೆ, ಒಪ್ಪಿದ್ದೇನೆ. ಓದಿರುವುದಿಲ್ಲ. ನಾನೂ ಓದಿರಲಿಲ್ಲ. ಅಕ್ಟೋಬರಿನಲ್ಲಿ ಮಗಳ ಡೈರಿಗೆ ಕೆಂಪು ಇಂಕಿನ ಮೂರನೇ ರಿಮಾರ್ಕು ಬಿದ್ದ ಮೇಲೆ, ರಾತ್ರಿ ಹತ್ತೂವರೆಗೆ ಕೂತು ಮೊದಲ ಹತ್ತು ಪುಟ ಓದಿದೆ. ಮೂರು ರಿಮಾರ್ಕಾದರೆ ಪೋಷಕರು ಬರಬೇಕು ಅಂತ ಆರನೇ ಪುಟದಲ್ಲಿ ಇತ್ತು. ನಾನೇ ಸಹಿ ಹಾಕಿದ್ದೆ.

ಬಳ್ಳಾರಿ ಸೀಮೆಯಲ್ಲಿ ಕ್ಯಾಥೋಲಿಕ್ ಶಾಲೆಗೆ ಎರಡು ಹೆಸರು. ಪಾದ್ರಿಗಳು ನಡೆಸಿದರೆ ಫಾದರ್ ಸ್ಕೂಲು, ಕನ್ಯಾಸ್ತ್ರೀಯರು ನಡೆಸಿದರೆ ಸಿಸ್ಟರ್ ಸ್ಕೂಲು. ಕೋಟೆಯೊಳಗಿನ ಸೇಂಟ್ ಜಾನ್ಸ್ ಅಂದರೆ ಊರಿನ ಮೂರು ತಲೆಮಾರಿಗೆ ಗೊತ್ತು. ಸಿರುಗುಪ್ಪದ ರೈಸ್ ಮಿಲ್ಲಿನವರು, ಕುರುಗೋಡಿನ ಹೊಲದವರು, ಕೌಲ್ ಬಜಾರಿನ ಜೀನ್ಸ್ ಹೊಲಿಯುವವರು, ಯಾರನ್ನು ಕೇಳಿದರೂ ಮಗುವನ್ನು ಅಲ್ಲಿಗೆ ಹಾಕಿದ್ದಕ್ಕೆ ಮೊದಲು ಹೇಳುವ ಕಾರಣ ಒಂದೇ: "ಅಲ್ಲಿ ಡಿಸಿಪ್ಲಿನ್ ಚೊಲೋ ಅದ." ಇಂಗ್ಲಿಷ್ ಎರಡನೇದು, ಫಲಿತಾಂಶ ಮೂರನೇದು. ಹೀಗೆ ಡಿಸಿಪ್ಲಿನ್ ಬೇಕೆಂದೇ ದುಡ್ಡು ಕಟ್ಟಿ, ಅದರೊಳಗೆ ಏನೇನಿದೆ ಅಂತ ನೋಡದೆ ಬರುವುದು ನಮ್ಮ ಅಭ್ಯಾಸ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡದೆ ಬರುತ್ತೇವೆಯೇ?

ಆದ್ದರಿಂದ ಬಿಚ್ಚಿ ನೋಡೋಣ.

ಮೊದಲು, ಶಾಲೆ ಯಾರದು?

ಇದು ಕೇಳಲು ಸಣ್ಣ ಪ್ರಶ್ನೆ. ಆದರೆ ಮುಂದೆ ಏನಾದರೂ ತಕರಾರು ಬಂದರೆ ಎಲ್ಲವೂ ಇದರ ಮೇಲೇ ನಿಲ್ಲುತ್ತದೆ. ಕ್ಯಾಥೋಲಿಕ್ ಶಾಲೆಗಳೆಲ್ಲ ಬಿಷಪ್ಪರ ಕೈಕೆಳಗೆ ಇರುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ, ಹಾಗಿಲ್ಲ. ಬಳ್ಳಾರಿಯ ಮಿಷನ್ 1928ರಲ್ಲಿ ಮದ್ರಾಸಿನಿಂದ ಬೇರೆಯಾಗಿ 1949ರಲ್ಲಿ ಪೂರ್ಣ ಧರ್ಮಪ್ರಾಂತ್ಯವಾಯಿತು. ಬಳ್ಳಾರಿ ಊರು ಮದ್ರಾಸ್ ಬಿಟ್ಟು ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಅಂದರೆ ಚರ್ಚು ಸರ್ಕಾರಕ್ಕಿಂತ ಮುಂಚೆಯೇ ಮನೆ ಬೇರೆ ಮಾಡಿಕೊಂಡಿತ್ತು. ಕೆಲವು ಶಾಲೆಗಳು ಈ ಧರ್ಮಪ್ರಾಂತ್ಯದವು, ಅಲ್ಲಿ ಕೊನೆಯ ಮಾತು ಬಿಷಪ್ಪರದು, ಅವರ ಪರವಾಗಿ ಶಿಕ್ಷಣದ ಉಸ್ತುವಾರಿ ನೋಡುವ ಪಾದ್ರಿಯದು. ಉಳಿದವು ಯಾವುದೋ ಒಂದು ಧಾರ್ಮಿಕ ಸಭೆಯವು. ಅಲ್ಲಿ ಮೇಲಿನವರು ಆ ಸಭೆಯ ಪ್ರಾಂತ್ಯಾಧಿಕಾರಿ, ಅಂದರೆ ಪ್ರೊವಿನ್ಶಿಯಲ್. ಅವರು ಬೆಂಗಳೂರಿನಲ್ಲೋ ಬೇರೆ ರಾಜ್ಯದಲ್ಲೋ ಕೂತಿರಬಹುದು. ಡೈರಿಯ ಮೊದಲ ಪುಟದಲ್ಲಿ "ನಡೆಸುವವರು" ಎಂಬ ಸಾಲು ಹುಡುಕಿ. ಅಲ್ಲಿರುವ ಹೆಸರು, ವಿಳಾಸ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು ಹೊಸಬರಿಗೆ ಗೊತ್ತಿರುವುದಿಲ್ಲ. ಫಾದರ್, ಸಿಸ್ಟರ್‌ಗಳಿಗೆ ವರ್ಗಾವಣೆ ಇರುತ್ತದೆ, ಹೆಚ್ಚಾಗಿ ಬೇಸಿಗೆ ರಜೆಯಲ್ಲಿ. ಏಪ್ರಿಲ್‌ನಲ್ಲಿ "ಆಗಲಿ ಬಿಡಿ, ನಾನು ನೋಡಿಕೊಳ್ತೀನಿ" ಅಂದ ಪ್ರಿನ್ಸಿಪಾಲರು ಜೂನ್‌ನಲ್ಲಿ ಇನ್ನೆಲ್ಲೋ ಇರುತ್ತಾರೆ. ಹೊಸಬರು ಬಂದು "ಅಂಥ ರೂಲೇ ಇಲ್ಲವಲ್ಲ" ಅನ್ನುತ್ತಾರೆ, ಸುಳ್ಳಲ್ಲ, ಅವರಿಗೆ ಗೊತ್ತಿಲ್ಲ. ಬಾಯಿಮಾತಿನ ವಿನಾಯಿತಿಗೆ ಆಯುಸ್ಸು ಒಂದು ವರ್ಷ. ಕಾಗದದ ಮೇಲಿದ್ದರೆ ಉಳಿಯುತ್ತದೆ.

ತಡವಾದವರ ಸಾಲು

ಬೆಳಗ್ಗೆ ಗೇಟು ಮುಚ್ಚಿದ ಮೇಲೆ ಹೊರಗೊಂದು ಸಾಲು ನಿಲ್ಲುತ್ತದಲ್ಲ, ಅದನ್ನು ಒಮ್ಮೆ ಹತ್ತಿರದಿಂದ ನೋಡಿ. ಅರ್ಧ ಮಕ್ಕಳು ಶಾಲೆಯಿಂದ ಒಂದು ಮೈಲಿಯೊಳಗಿನವರು, ಎದ್ದಿದ್ದೇ ತಡ. ಇನ್ನರ್ಧ ದೂರದೂರಿನವರು. ನನ್ನ ತಂಗಿಯ ಮಗ ಆರನೇ ತರಗತಿಯಲ್ಲಿದ್ದಾಗ ಸಿರುಗುಪ್ಪದ ಕಡೆಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಬರುತ್ತಿದ್ದ. ಭತ್ತದ ಸುಗ್ಗಿ ಬಂತೆಂದರೆ ಆ ರಸ್ತೆಯ ಕಥೆ ಗೊತ್ತಲ್ಲ: ಒಂದರ ಹಿಂದೆ ಒಂದು ಭತ್ತದ ಟ್ರ್ಯಾಕ್ಟರು, ಹಿಂದೆ ಕಟಾವು ಯಂತ್ರ ಹೊತ್ತ ಲಾರಿ, ಅದರ ಹಿಂದೆ ತೆವಳುವ ನಮ್ಮ ಸಾರಿಗೆ ಬಸ್ಸು. ಹುಡುಗ ಇಳಿದು ಓಡಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಆ ಶಾಲೆಯ ನಿಯಮ ಹೀಗಿತ್ತು: ಮೂರು ಸಲ ತಡವಾದರೆ ಅರ್ಧ ದಿನದ ಗೈರುಹಾಜರಿ. ನವೆಂಬರಿನಲ್ಲಿ ಅವನ ಡೈರಿಯ ತಡ ಹಾಜರಿಯ ಪುಟ ತುಂಬಿ, ಪಕ್ಕದಲ್ಲಿ ಇನ್ನೊಂದು ಪುಟ ಗೆರೆ ಎಳೆದು ಶುರು ಮಾಡಿದ್ದರು.

ತಂಗಿ ಜಗಳಕ್ಕೆ ಹೋಗಲಿಲ್ಲ. ಹಾಳೆಯ ಮೇಲೆ ಕನ್ನಡದಲ್ಲೇ ಅರ್ಜಿ ಬರೆದು, ಮಗನ ಬಸ್ ಪಾಸಿನ ಜೆರಾಕ್ಸ್ ಹಚ್ಚಿ, ಎರಡು ವಾರ ಬಸ್ಸು ಊರು ಬಿಟ್ಟ ಹೊತ್ತು ಮತ್ತು ಬಳ್ಳಾರಿ ಮುಟ್ಟಿದ ಹೊತ್ತನ್ನು ಕಂಡಕ್ಟರಿನ ಟಿಕೆಟಿನ ಹಿಂದೆ ಬರೆದು ತಂದು ಇಟ್ಟಳು. ಪ್ರಿನ್ಸಿಪಾಲರು ಓದಿ, ನಕ್ಕು, ಸುಗ್ಗಿಯ ಎರಡು ತಿಂಗಳು ಹದಿನೈದು ನಿಮಿಷ ರಿಯಾಯಿತಿ ಅಂತ ಅರ್ಜಿಯ ಮೇಲೇ ಬರೆದು ಸಹಿ ಹಾಕಿದರು. ಆ ಕಾಗದ ಡೈರಿಗೆ ಅಂಟಿತು. ಗೇಟಿನ ವಾಚ್‌ಮ್ಯಾನ್‌ಗೆ ಪ್ರಿನ್ಸಿಪಾಲರ ಮನಸ್ಸು ಗೊತ್ತಿಲ್ಲ, ಅವನಿಗೆ ಕಾಣುವುದು ಆ ಕಾಗದ ಮಾತ್ರ.

ದೂರದಿಂದ ಬರುವವರು ಇದನ್ನು ಜೂನ್‌ನಲ್ಲೇ ಮಾಡಬೇಕು, ಪುಟ ತುಂಬಿದ ಮೇಲಲ್ಲ. ಯಾಕೆಂದರೆ ಹಾಜರಿಯ ಲೆಕ್ಕ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಕುತ್ತಿಗೆಗೆ ಬರುತ್ತದೆ. ಪರೀಕ್ಷೆಗೆ ಕೂರಲು 75 ಪ್ರತಿಶತ ಹಾಜರಿ ಬೇಕು. ಅರ್ಧ ದಿನ, ಅರ್ಧ ದಿನ ಅಂತ ಕಳೆದುಹೋದದ್ದು ಫೆಬ್ರುವರಿಯಲ್ಲಿ ಗೊತ್ತಾದರೆ ಯಾರೂ ಏನೂ ಮಾಡಲಾರರು. ತಡವಾದವರನ್ನು ಬಿಸಿಲಲ್ಲಿ ನಿಲ್ಲಿಸುವ ರೂಢಿ ಇದ್ದರೆ ಅದನ್ನಂತೂ ಮೊದಲೇ ಕೇಳಿ ನಿಲ್ಲಿಸಬೇಕು. ಇದು ಬಳ್ಳಾರಿ, ಮಾರ್ಚಿನ ಒಂಬತ್ತು ಗಂಟೆ ಬೇರೆ ಊರಿನ ಮಧ್ಯಾಹ್ನ.

ಬೆತ್ತದ ಮಾತು

"ಛಡಿ ಛಂ ಛಂ, ವಿದ್ಯಾ ಘಂ ಘಂ" ಅಂತ ಹೇಳಿಕೊಂಡು ಬೆಳೆದ ನಾಡು ನಮ್ಮದು. ನಾನು ಏಳನೇ ತರಗತಿಯಲ್ಲಿ ಒಂದು ಫಾದರ್ ಸ್ಕೂಲಿನಲ್ಲಿ ಮರದ ಸ್ಕೇಲಿನ ಅಂಚಿನಿಂದ ಬೆರಳ ಗಿಣ್ಣಿಗೆ ತಿಂದವನು. ಮನೆಯಲ್ಲಿ ಹೇಳಲಿಲ್ಲ, ಹೇಳಿದ್ದರೆ ಅಪ್ಪ "ಯಾಕೆ ಹೊಡೆದರು" ಅಂತ ಇನ್ನೆರಡು ಕೊಡುತ್ತಿದ್ದರು. ಕ್ಯಾಥೋಲಿಕ್ ಶಾಲೆಗೂ ಬೆತ್ತಕ್ಕೂ ಹಳೆಯ ನಂಟು ಅನ್ನುವವರು ಅರ್ಧ ಮಾತ್ರ ಸರಿ. ಜೆಸ್ವಿತರು 1599ರಲ್ಲಿ ತಮ್ಮ ಶಾಲೆಗಳಿಗೆ ಮಾಡಿಕೊಂಡ ಕಟ್ಟಳೆಯಲ್ಲಿ ಹೊಡೆಯುವ ಕೆಲಸಕ್ಕೆ ಸಭೆಯ ಹೊರಗಿನ ಒಬ್ಬನನ್ನು ನೇಮಿಸಬೇಕು ಅಂತ ಇತ್ತು, ಪಾಠ ಹೇಳುವ ಪಾದ್ರಿ ತಾನೇ ಕೈ ಎತ್ತಬಾರದು ಅಂತ. ಇಟಲಿಯ ಡಾನ್ ಬಾಸ್ಕೊ 1877ರಲ್ಲಿ ಬರೆದ ಕಿರುಹೊತ್ತಗೆ ಇನ್ನೂ ಮುಂದೆ ಹೋಗಿ, ತಪ್ಪಾದ ಮೇಲೆ ದಂಡಿಸುವುದಕ್ಕಿಂತ ತಪ್ಪು ಆಗದ ಹಾಗೆ ಮಕ್ಕಳ ಜೊತೆಗೇ ಇರುವುದೇ ಶಿಸ್ತು ಅಂದಿತು. ಆಟದ ಮೈದಾನದಲ್ಲಿ ಮೇಷ್ಟ್ರು ಮಕ್ಕಳ ಜೊತೆ ಓಡಬೇಕು ಅನ್ನುವುದು ಅವರ ಪದ್ಧತಿ. ನಿಮ್ಮ ಶಾಲೆಯ ಗೋಡೆಯ ಮೇಲೆ ಆ ಸಂತರ ಚಿತ್ರ ತೂಗುಹಾಕಿದ್ದು, ಕೆಳಗೆ ಪಿ.ಟಿ. ಮೇಷ್ಟ್ರ ಕೈಯಲ್ಲಿ ಬೆತ್ತ ಇದ್ದರೆ, ಮೆತ್ತಗೆ ಆ ಚಿತ್ರದ ಕಡೆ ಕೈ ತೋರಿಸಬಹುದು.

ಈಗ ಕಾನೂನು. ಇಲ್ಲಿ ಪೋಷಕರೂ ಎಡವುತ್ತಾರೆ, ಶಾಲೆಯವರೂ ಎಡವುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ, 2009ರದು, ಅದರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಕೊಡಕೂಡದು ಅನ್ನುತ್ತದೆ. 16ನೇ ಕಲಂ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಕೂಡದು ಅನ್ನುತ್ತದೆ. ಎಲ್ಲರ ಬಾಯಲ್ಲೂ ಈ ಕಾಯ್ದೆಯೇ. ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಪ್ರಮತಿ ಪ್ರಕರಣದಲ್ಲಿ ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿತು, ಅನುದಾನ ಪಡೆಯಲಿ, ಪಡೆಯದಿರಲಿ. ಫಾದರ್ ಸ್ಕೂಲಿನಲ್ಲಿ ಆರ್‌ಟಿಇ ಸೀಟು ಸಿಗದಿರುವುದು ಇದೇ ಕಾರಣಕ್ಕೆ. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆಯೇ ಸಂಶಯ ಎತ್ತಿ, ದೊಡ್ಡ ಪೀಠ ನೋಡಲಿ ಅಂತ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿತು. ಹಾಗಾಗಿ ಹೆಡ್‌ಮಾಸ್ಟರ ಮುಂದೆ ಕೂತು "ಆರ್‌ಟಿಇ ಪ್ರಕಾರ..." ಅಂತ ಶುರು ಮಾಡಿದರೆ, ಕಾನೂನು ಬಲ್ಲ ಫಾದರ್ ಆಗಿದ್ದರೆ ಎರಡು ನಿಮಿಷದಲ್ಲಿ ನಿಮ್ಮ ಮಾತು ಮುಗಿಸುತ್ತಾರೆ.

ಹಾಗಂತ ಹೊಡೆಯುವುದಕ್ಕೆ ಪರವಾನಗಿ ಸಿಕ್ಕಿಬಿಟ್ಟಿತು ಅಂತಲ್ಲ. ಬಾಲನ್ಯಾಯ ಕಾಯ್ದೆ 2015 ಎಲ್ಲ ಮಕ್ಕಳದು, ಶಾಲೆ ಯಾರದಾದರೂ. ಅದರ 75ನೇ ಕಲಂ ಮಗುವಿನ ಹೊಣೆ ಹೊತ್ತವರು ಹೊಡೆದು ಬಡಿದು ಅನಗತ್ಯ ನೋವು ಕೊಟ್ಟರೆ, ಅದು ಮೈಯ ನೋವಿರಲಿ ಮನಸ್ಸಿನದಿರಲಿ, ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ದಂಡ, ಅಥವಾ ಎರಡೂ ಅನ್ನುತ್ತದೆ. ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆ ಇದ್ದೇ ಇದೆ. ಮಕ್ಕಳ ಹಕ್ಕುಗಳ ಆಯೋಗಗಳ 2005ರ ಕಾಯ್ದೆಯೂ ಅಲ್ಪಸಂಖ್ಯಾತ ಶಾಲೆಯ ಬಾಗಿಲಲ್ಲಿ ನಿಂತುಬಿಡುವುದಿಲ್ಲ. ಅಲ್ಪಸಂಖ್ಯಾತರಿಗೆ ಸಂಸ್ಥೆ ನಡೆಸುವ ಹಕ್ಕು ಕೊಟ್ಟ ಸಂವಿಧಾನದ 30ನೇ ವಿಧಿಯ ಬಗ್ಗೆ ಮಾತಾಡುತ್ತ, ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟು 1958ರಷ್ಟು ಹಿಂದೆಯೇ ಹೇಳಿಯಾಗಿದೆ.

ಕೋರ್ಟುಗಳೂ ಎಲ್ಲ ಕಡೆ ಒಂದೇ ತೂಕ ಹಾಕುವುದಿಲ್ಲ. ಛತ್ತೀಸಗಡ ಹೈಕೋರ್ಟು 2024ರಲ್ಲಿ, ಕಾನ್ವೆಂಟ್ ಶಾಲೆಯೊಂದರ ಶಿಕ್ಷಕಿಯ ಮೇಲಿನ ಪ್ರಕರಣ ರದ್ದು ಮಾಡಲು ಒಪ್ಪದೆ, ಶಿಸ್ತಿನ ಹೆಸರಲ್ಲಿ ಮಗುವಿನ ಮೇಲೆ ಹಿಂಸೆ ಸಲ್ಲದು ಅಂದಿತು. ಕೇರಳ ಹೈಕೋರ್ಟಿನಲ್ಲಿ, ದುರುದ್ದೇಶವಿಲ್ಲದೆ ತಿದ್ದಲು ಕೊಟ್ಟ ಸಣ್ಣ ಏಟು ಕ್ರಿಮಿನಲ್ ಅಪರಾಧವಲ್ಲ ಎಂಬ ತೀರ್ಪುಗಳೂ ಬಂದಿವೆ. ಇವೆರಡರ ನಡುವೆ ಪೋಷಕರು ತಿಳಿದಿರಬೇಕಾದ ಒಂದು ಸಂಗತಿ ಅದೇ ನ್ಯಾಯ ಸಂಹಿತೆಯ 27ನೇ ಕಲಮಿನಲ್ಲಿದೆ. 12 ವರ್ಷದೊಳಗಿನ ಮಗುವಿನ ಒಳಿತಿಗೆ, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅದು ರಕ್ಷಣೆ ಕೊಡುತ್ತದೆ. ಭಾರಿ ಗಾಯವಾದರೆ ಬೇರೆ ಮಾತು. ಅಂದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ನಾವು ನಗುನಗುತ್ತ "ಮಾತು ಕೇಳದಿದ್ದರೆ ಎರಡು ಬಾರಿಸಿ ಮೇಡಂ" ಅನ್ನುತ್ತೇವಲ್ಲ, ಅದು ಬರೀ ಸಲಿಗೆಯ ಮಾತಾಗಿ ಉಳಿಯುವುದಿಲ್ಲ. ನಾಳೆ ಅದೇ ಒಪ್ಪಿಗೆಯಾಗಿ ನಮ್ಮ ಎದುರು ಬಂದು ನಿಲ್ಲುತ್ತದೆ. ಆ ಮಾತನ್ನು ಆಡಬೇಡಿ. ಡೈರಿಯಲ್ಲಿ "ಸೂಕ್ತ ಶಿಕ್ಷೆ ಕೊಡಲು ಒಪ್ಪಿದೆ" ಎಂಬ ಸಾಲಿದ್ದರೆ ಪಕ್ಕದಲ್ಲಿ "ದೈಹಿಕ ಶಿಕ್ಷೆ ಹೊರತು" ಅಂತ ಪೆನ್ನಿನಲ್ಲಿ ಸೇರಿಸಿ ಸಹಿ ಹಾಕಿ. ಯಾರೂ ಬೇಡ ಅನ್ನಲಾರರು. ಅಂದರೆ, ಅಲ್ಲೇ ಅರ್ಥವಾಯಿತು.

ಏಟೊಂದೇ ಶಿಕ್ಷೆಯಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಮೊಣಕಾಲೂರಿಸುವುದು, ಕಾಲೊಳಗಿಂದ ಕಿವಿ ಹಿಡಿಸುವುದು, ಅಡ್ಡಹೆಸರು, ಹೀಯಾಳಿಕೆ ಇವನ್ನೆಲ್ಲ ಅದೇ ಪಟ್ಟಿಗೆ ಸೇರಿಸಿದೆ. "ನಿಮ್ಮಪ್ಪ ಹಮಾಲಿ, ನೀನೂ ಅದೇ ಮಾಡ್ತಿ" ಅನ್ನುವ ಮಾತು ಬಾಸುಂಡೆಗಿಂತ ಉಳಿಯುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರಿನ ವಸತಿ ಶಾಲೆಯಲ್ಲಿ ಮಕ್ಕಳಿಂದ ಶೌಚಗುಂಡಿ ಸ್ವಚ್ಛ ಮಾಡಿಸಿದ್ದು ಬಯಲಾದಾಗ ರಾಜ್ಯವೇ ಬೆಚ್ಚಿತು. ಆ ಶಾಲೆ ಸರ್ಕಾರದ್ದು. ಬೋರ್ಡು ಯಾವುದೆಂದು ನೋಡಿ ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ಶಿಕ್ಷೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಲವತ್ತೈದು ಮಕ್ಕಳ ತರಗತಿ ಹಿಡಿಯುವುದು ಹುಡುಗಾಟವಲ್ಲ. ಹರಿದ ಪುಸ್ತಕ ಅಂಟಿಸಿಕೊಡು, ಲೈಬ್ರರಿಯಲ್ಲಿ ಒಂದು ವಾರ ಕೆಲಸ ಮಾಡು, ಹೊಡೆದ ಗೆಳೆಯನಿಗೆ ಚೀಟಿ ಬರೆದು ಕ್ಷಮೆ ಕೇಳು, ಇಂಥವು ನಾಟುತ್ತವೆ. ನನ್ನ ಮಗಳ ಆ ಮೂರು ರಿಮಾರ್ಕಿಗೆ ಸಿಕ್ಕ ಶಿಕ್ಷೆ ಒಂದನೇ ತರಗತಿಯ ಮಕ್ಕಳಿಗೆ ಒಂದು ವಾರ ಊಟದ ಹೊತ್ತಿಗೆ ಕೈ ತೊಳೆಸುವುದು. ಮುಗಿದ ಮೇಲೂ ತಾನೇ ಹೋಗುತ್ತಿದ್ದಳು.

ಕುಂಕುಮ, ಮಾಲೆ, ಪ್ರಾರ್ಥನೆ

ಕ್ಯಾಥೋಲಿಕ್ ಶಾಲೆಯಲ್ಲಿ ಓದುವ ಬಹುಪಾಲು ಮಕ್ಕಳು ಕ್ರೈಸ್ತರಲ್ಲ. ಲಿಂಗಾಯತರ ಮನೆಯ ವಿಭೂತಿ, ಮುಸ್ಲಿಂ ಮನೆಯ ತಾಯತ, ಲಂಬಾಣಿ ತಾಂಡಾದ ಬಳೆ, ಮಾರ್ಗಶಿರದಲ್ಲಿ ಅಯ್ಯಪ್ಪ ಮಾಲೆ, ಎಲ್ಲವೂ ಒಂದೇ ಸಮವಸ್ತ್ರದ ಮೇಲೆ ಬಂದು ನಿಲ್ಲುತ್ತವೆ. ಬಳೆ, ಹೂವು, ಮೆಹಂದಿ, ಉದ್ದುಗುರು ಬೇಡ ಅಂತ ಡೈರಿಗಳಲ್ಲಿ ಬರೆದಿರುತ್ತಾರೆ. ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಊರಿನಲ್ಲಿದ್ದೂ, ಹುಟ್ಟುಹಬ್ಬದ ಕಲರ್ ಡ್ರೆಸ್ಸಿನಲ್ಲಿ ಜೀನ್ಸ್ ಬೇಡ ಅಂತ ನನ್ನ ಮಗಳ ಡೈರಿಯಲ್ಲಿದೆ! ಉಡುಪಿನ ನಿಯಮ ಮಾಡುವುದಕ್ಕೆ ಶಾಲೆಗೆ ಸಾಕಷ್ಟು ಸ್ವಾತಂತ್ರ್ಯವಿದೆ, ಅದನ್ನು ಪ್ರಶ್ನಿಸಿ ಗೆಲ್ಲುವುದು ಸುಲಭವಲ್ಲ. ತಲೆವಸ್ತ್ರದ ವಿಷಯದಲ್ಲಿ ಕರ್ನಾಟಕ ಹೈಕೋರ್ಟು 2022ರ ಮಾರ್ಚ್‌ನಲ್ಲಿ ಒಂದು ತೀರ್ಪು ಕೊಟ್ಟಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಇದರಲ್ಲಿ ಕಾನೂನಿಗಿಂತ ಮೊದಲೇ ಆಡುವ ಮಾತು ದೊಡ್ಡದು. ಮಗ ಮಾಲೆ ಹಾಕುವವನಿದ್ದರೆ, ಹಾಕಿದ ಮರುದಿನ ಬರಿಗಾಲಲ್ಲಿ ಗೇಟಿನ ಮುಂದೆ ನಿಲ್ಲಿಸಬೇಡಿ. ಹದಿನೈದು ದಿನ ಮುಂಚೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಪತ್ರ ಕೊಡಿ.

ಪ್ರಾರ್ಥನೆಯ ವಿಷಯ ಮಾತ್ರ ಬೇರೆ, ಅಲ್ಲಿ ಸಂವಿಧಾನವೇ ಸ್ಪಷ್ಟವಾಗಿದೆ. 28ನೇ ವಿಧಿಯ ಮೂರನೇ ಉಪವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವ ಹಾಗಿಲ್ಲ, ಪೂಜೆಗೆ ಕರೆದೊಯ್ಯುವ ಹಾಗಿಲ್ಲ. ಮಗುವಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಈ ಒಪ್ಪಿಗೆಯೂ ಎಷ್ಟೋ ಸಲ ಆ ಒಂದೇ ಸಹಿಯಲ್ಲಿ ಅಡಗಿರುತ್ತದೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ ಪ್ರವೇಶ ಅರ್ಜಿಯಲ್ಲಿ ಬೈಬಲ್ ತರುವುದಕ್ಕೆ ಆಕ್ಷೇಪವಿಲ್ಲ ಎಂಬ ಸಾಲಿದ್ದದ್ದು ದೊಡ್ಡ ವಿವಾದವಾಯಿತು, ಅದು ಕ್ಯಾಥೋಲಿಕ್ ಶಾಲೆಯಲ್ಲ. ಸಾಮಾನ್ಯವಾಗಿ ಕ್ಯಾಥೋಲಿಕ್ ಮಕ್ಕಳು ಧರ್ಮೋಪದೇಶದ ತರಗತಿಗೆ, ಉಳಿದವರು ಮಾರಲ್ ಸೈನ್ಸ್‌ಗೆ ಹೋಗುತ್ತಾರೆ. ವೇಳಾಪಟ್ಟಿಯಲ್ಲಿ ನಿಮ್ಮ ಮಗು ಯಾವುದರಲ್ಲಿದೆ ಅಂತ ಒಮ್ಮೆ ನೋಡಿಕೊಂಡರೆ ಸಾಕು. ಭಾರತದ ಕ್ಯಾಥೋಲಿಕ್ ಬಿಷಪ್ಪರ ಮಂಡಳಿಯೇ 2024ರಲ್ಲಿ ತನ್ನ ಶಾಲೆಗಳಿಗೆ ಕಳಿಸಿದ ಸೂಚನೆಯಲ್ಲಿ ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ, ಸರ್ವಧರ್ಮ ಪ್ರಾರ್ಥನೆಗೆ ಒಂದು ಕೋಣೆ ಇಡಿ ಅಂತ ಹೇಳಿದೆ. ಶಾಲೆಯ ಮುಂದೆ ಇಡಬಹುದಾದ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ, ಅವರದೇ ಮನೆಯದು.

ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಹತ್ತು ರೂಪಾಯಿ ಎಂಬ ದಂಡದ ಬಗ್ಗೆಯೂ ಒಂದು ಮಾತು. ತೆಲುಗು, ಕನ್ನಡ, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳುವ ಊರು ಬಳ್ಳಾರಿ. ರಾಜ್ಯದ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಭಾಷೆ ಮಾಡಿದೆ. ಬೆಳಗ್ಗೆ ಕನ್ನಡ ಪಾಠ ಮಾಡಿ ಮಧ್ಯಾಹ್ನ ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವುದು ನನ್ನ ಲೆಕ್ಕದಲ್ಲಿ ಬರೀ ಹುಚ್ಚು. ದಂಡಕ್ಕೆ ರಸೀದಿ ಕೇಳಿ ನೋಡಿ. ರಸೀದಿ ಕೊಡುವ ಹಾಗಿಲ್ಲದ ದಂಡ ತಾನಾಗಿ ನಿಲ್ಲುತ್ತದೆ.

ಫೋನು, ಸ್ಕೂಟಿ, ಗುಟ್ಕಾ

ಫೋನಿನ ನಿಯಮ ಎಲ್ಲ ಕಡೆ ಒಂದೇ: ಸಿಕ್ಕರೆ ಜಪ್ತಿ. ಯಾವಾಗ, ಯಾರ ಕೈಗೆ ವಾಪಸು ಅಂತ ಮಾತ್ರ ಕೇಳಿಟ್ಟುಕೊಳ್ಳಿ. ಸ್ಕೂಟಿಯ ವಿಷಯದಲ್ಲಿ ಶಾಲೆಗಿಂತ ಕಾನೂನು ಕಠಿಣ. ಕುರುಗೋಡಿನ ಕಡೆಯಿಂದ ಒಂಬತ್ತನೇ ತರಗತಿಯ ಹುಡುಗರು ಮೂವರು ಒಂದೇ ಗಾಡಿಯಲ್ಲಿ ಬಂದು, ಗೇಟಿನಿಂದ ನೂರು ಮೀಟರ್ ಹಿಂದೆ ಅಂಗಡಿಯ ಮುಂದೆ ನಿಲ್ಲಿಸಿ ನಡೆದುಕೊಂಡು ಒಳಗೆ ಹೋಗುವುದನ್ನು ನಾನೇ ನೋಡಿದ್ದೇನೆ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸೂ ಇಲ್ಲ. ಗುಟ್ಕಾ, ಸಿಗರೇಟು ಜೇಬಲ್ಲಿ ಸಿಕ್ಕರೆ ಮಗನನ್ನು ಕೇಳುವ ಮೊದಲು ಅಂಗಡಿ ನೋಡಿ, ಶಾಲೆಯ ನೂರು ಗಜದೊಳಗೆ ತಂಬಾಕು ಮಾರುವ ಹಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಶಾಲೆಯ ಒಳಗೇ ಮುಗಿಸೋಣ ಎಂಬ ಮಾತಿಗೆ ಒಪ್ಪಲೇಬೇಡಿ. ಲೈಂಗಿಕ ಕಿರುಕುಳ. ಮಾಡಿದವರು ಮೇಷ್ಟ್ರಿರಲಿ, ಫಾದರ್ ಇರಲಿ, ವ್ಯಾನಿನ ಡ್ರೈವರ್ ಇರಲಿ, ದೊಡ್ಡ ತರಗತಿಯ ಹುಡುಗನೇ ಇರಲಿ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ಆದೇಶವೂ ಪಾದ್ರಿಗಳಿಗೆ, ಕನ್ಯಾಸ್ತ್ರೀಯರಿಗೆ ಇಂಥದ್ದನ್ನು ಮೇಲಿನವರಿಗೆ ವರದಿ ಮಾಡುವುದು ಕಡ್ಡಾಯ ಮಾಡಿತು. ಮಗುವಿನ ಹೆಸರು, ಫೋಟೊ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುವುದು ಬೇರೆಯೇ ಅಪರಾಧ, ಸಿಟ್ಟಿನ ಭರದಲ್ಲಿ ಪೋಷಕರೇ ಮಾಡಿಬಿಡುವುದು.

"ಟಿ.ಸಿ. ಕೊಟ್ಟುಬಿಡ್ತೀವಿ"

ಈ ಮಾತು ಕೇಳದ ಪೋಷಕರು ಕಡಿಮೆ. ಕಾಗದದ ಮೇಲೆ ಹೊರಹಾಕುವುದು ಎಲ್ಲೂ ಹೆಚ್ಚು ನಡೆಯುವುದಿಲ್ಲ. ನಡೆಯುವುದು ಬೇರೆ: ಪೋಷಕರನ್ನು ಕರೆದು, ಮೃದುವಾಗಿ, "ನೀವೇ ಒಂದು ಅರ್ಜಿ ಬರೆದುಕೊಡಿ, ನಡತೆ ತೃಪ್ತಿಕರ ಅಂತ ಹಾಕಿ ಕೊಡ್ತೀವಿ" ಅನ್ನುವುದು. ವರ್ಗಾವಣೆ ಪತ್ರದಲ್ಲಿ ನಡತೆಯ ಕಾಲಂ ಇರುತ್ತದಲ್ಲ, ಅದರ ಹೆದರಿಕೆಗೆ ನಾವು ಬರೆದುಕೊಡುತ್ತೇವೆ. ಬರೆದ ಮೇಲೆ ಅದು ನಾವಾಗಿ ಬಿಟ್ಟದ್ದು, ಶಾಲೆ ಹೊರಹಾಕಿದ್ದಲ್ಲ. ಒಂಬತ್ತನೇ ತರಗತಿಯ ಕೊನೆಗೆ ಈ ಮೃದುತನ ಹೆಚ್ಚುತ್ತದೆ. ಹತ್ತರ ಫಲಿತಾಂಶದ ಬೋರ್ಡು ಗೇಟಿನ ಮೇಲೆ ತೂಗುತ್ತದಲ್ಲ, ಅದಕ್ಕೆ.

ಆ ಕುರ್ಚಿಯಲ್ಲಿ ಕೂತಾಗ ಅರ್ಜಿ ಬರೆಯಬೇಡಿ. "ಮನೆಯಲ್ಲಿ ಮಾತಾಡಿ ಹೇಳ್ತೀವಿ" ಅಂತ ಎದ್ದು ಬನ್ನಿ. ತಪ್ಪೇನು, ಯಾವ ತಾರೀಖು, ಯಾರು ನೋಡಿದರು, ಡೈರಿಯ ಯಾವ ನಿಯಮ, ಮಗುವಿನ ಮಾತು ಕೇಳಿದಿರಾ ಅಂತ ಬರಹದಲ್ಲಿ ಕೇಳಿ. ದಂಡಿಸುವ ಮೊದಲು ಇನ್ನೊಂದು ಕಡೆಯ ಮಾತು ಕೇಳಬೇಕು ಅನ್ನುವುದು ಕೋರ್ಟುಗಳು ಮತ್ತೆ ಮತ್ತೆ ಹೇಳಿರುವ ತತ್ವ. ಕೇರಳದ ಮೂವರು ಯೆಹೋವನ ಸಾಕ್ಷಿಗಳ ಮಕ್ಕಳ ಪ್ರಕರಣ ನೆನಪಿರಲಿ: ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲ ಅಂತ 1985ರಲ್ಲಿ ಶಾಲೆಯಿಂದ ಹಾಕಿದ್ದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಅಂತ ಆದೇಶಿಸಿತು. ಶಿಸ್ತಿನ ಕ್ರಮಕ್ಕೂ ಆಧಾರವಾಗಿ ಒಂದು ಕಾನೂನು, ಒಂದು ನಿಯಮ ಬೇಕು ಅನ್ನುವುದು ಅಲ್ಲಿಯ ಪಾಠ.

ಮಗುವಿನದೇ ತಪ್ಪಾಗಿದ್ದರೆ ಒಪ್ಪಿಕೊಳ್ಳಿ. ಕ್ಯಾಥೋಲಿಕ್ ಶಾಲೆಯವರಿಗೆ ಪಶ್ಚಾತ್ತಾಪ ಎಂಬುದು ಬರೀ ಪದವಲ್ಲ, ತಪ್ಪೊಪ್ಪಿಗೆ ಅವರ ಧರ್ಮದ ಒಂದು ಸಂಸ್ಕಾರ. ನೆಟ್ಟಗೆ ಒಪ್ಪಿಕೊಂಡು, ಮಗು ಏನು ಮಾಡಿ ಸರಿಪಡಿಸಬೇಕು ಹೇಳಿ ಅಂದ ಪೋಷಕರಿಗೆ ಬಾಗಿಲು ಮುಚ್ಚಿದ್ದು ನಾನು ಕಂಡದ್ದು ಕಡಿಮೆ. ರಾಜಕಾರಣಿಯ ಫೋನು ಮಾಡಿಸಿದವರಿಗೆ ಮುಚ್ಚಿದ್ದು ಕಂಡಿದ್ದೇನೆ.

ದೂರು ಕೊಡುವ ದಾರಿ

ಕ್ಲಾಸ್ ಟೀಚರು, ಆಮೇಲೆ ಹೆಡ್‌ಮಾಸ್ಟರು ಅಥವಾ ಪ್ರಿನ್ಸಿಪಾಲರು, ಅವರಿಂದ ಮೇಲೆ ಶಾಲೆಯ ಕರೆಸ್ಪಾಂಡೆಂಟರು. ಅಲ್ಲಿಂದಾಚೆಗೆ ಮೊದಲೇ ಹೇಳಿದ ಎರಡು ದಾರಿ, ಬಿಷಪ್ಪರ ಕಚೇರಿ ಅಥವಾ ಪ್ರೊವಿನ್ಶಿಯಲ್. ಈ ಮೆಟ್ಟಿಲನ್ನು ನಮ್ಮವರು ಹತ್ತುವುದೇ ಇಲ್ಲ, ಸೀದಾ ಟಿ.ವಿ.ಯವರಿಗೆ ಫೋನು ಮಾಡುತ್ತಾರೆ. ಆದರೆ ಸಭೆಯ ಮೇಲಿನವರಿಗೆ ಹೋದ ಒಂದು ಸಭ್ಯ ಪತ್ರಕ್ಕೆ ಶಾಲೆಯೊಳಗೆ ಇರುವ ತೂಕ ಹೊರಗಿನ ಗಲಾಟೆಗೆ ಇರುವುದಿಲ್ಲ.

ಅದೂ ಆಗದಿದ್ದರೆ ನಿಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಮೇಲೆ ಬಳ್ಳಾರಿಯ ಉಪನಿರ್ದೇಶಕರು, ಅದರ ಮೇಲೆ ಕಲಬುರಗಿಯ ಅಪರ ಆಯುಕ್ತರು. ಮಗುವಿಗೆ ಹಿಂಸೆಯಾಗಿದ್ದರೆ ಈ ಕ್ರಮಕ್ಕೆ ಕಾಯಬೇಕಿಲ್ಲ: ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿ, ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಇಲ್ಲವೇ ಹಗಲುರಾತ್ರಿ ಸಿಗುವ 1098. ಇದಕ್ಕೆ ದುಡ್ಡಿಲ್ಲ, ಮಗುವೇ ಮಾಡಬಹುದು. ಗಾಯವಿದ್ದರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ತೋರಿಸಿ ಚೀಟಿ ಇಟ್ಟುಕೊಳ್ಳಿ. ಮೂರನೇ ದಿನಕ್ಕೆ ಬಾಸುಂಡೆ ಮಾಸುತ್ತದೆ, ಚೀಟಿ ಮಾಸುವುದಿಲ್ಲ. ರಾಜ್ಯದ 2016ರ ಮಕ್ಕಳ ರಕ್ಷಣಾ ನೀತಿ ಇಟ್ಟುಕೊಂಡು, ನಿಮ್ಮ ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇದೆಯೇ, ಅದರಲ್ಲಿ ಪೋಷಕರು ಯಾರು ಅಂತ ಕೇಳುವುದಕ್ಕೆ ಗಲಾಟೆ ಆಗುವ ತನಕ ಕಾಯಬೇಕಿಲ್ಲ. ಜೂನ್‌ನ ಮೊದಲ ಪೋಷಕರ ಸಭೆಯಲ್ಲೇ ಕೇಳಬಹುದು.

ಪತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಶಾಲೆ ಅಂತ ಯಾರನ್ನೋ ಹಿಡಿದು ಬರೆಸಲು ಹೋದರೆ ನೀವು ಹೇಳಬೇಕಾದದ್ದು ಅರ್ಧ ಅಲ್ಲೇ ಉಳಿಯುತ್ತದೆ. ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟು. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ದಿಂಬಿನ ಕೆಳಗಿಟ್ಟು, ಬೆಳಗ್ಗೆ ಅದರಲ್ಲಿನ ವಿಶೇಷಣಗಳನ್ನು ಹೊಡೆದುಹಾಕಿ ಕಳಿಸಿ.

ತಂಗಿಯ ಮಗ ಈಗ ಹತ್ತನೇ ತರಗತಿ. ಪ್ರಿನ್ಸಿಪಾಲರು ಎರಡು ಸಲ ಬದಲಾದರು. ಪ್ರತಿ ಜೂನ್‌ನಲ್ಲಿ ತಂಗಿ ಹಳೆಯ ಡೈರಿಯಿಂದ ಆ ಹದಿನೈದು ನಿಮಿಷದ ಕಾಗದ ಹುಷಾರಾಗಿ ಬಿಡಿಸಿ ಹೊಸದಕ್ಕೆ ಅಂಟಿಸುತ್ತಾಳೆ. ಮಡಿಕೆಯ ಜಾಗದಲ್ಲಿ ಹರಿದಿದೆ, ಹಿಂದೆ ಸೆಲ್ಲೋಟೇಪು ಹಚ್ಚಿದ್ದಾಳೆ. ಈ ಸಲ ಹೊಸ ಪ್ರಿನ್ಸಿಪಾಲರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೆಳಗೆ ತಮ್ಮದೊಂದು ಸಹಿ ಹಾಕಿ, "ಭತ್ತ ಯಾವಾಗ ಕೊಯ್ತೀರಿ?" ಅಂತ ಕೇಳಿದರಂತೆ.